ಅವ್ವನ ಮಂಡಿ ಮೇಲಿನ ಮೂಳೆ ಮುರಿದಿದೆ: ಪ್ಲೇಟಾ, ರಾಡಾ, ನಾಟಿ ಕಟ್ಟಾ?

ಹಿತ್ತಿಲ ಕೋಳಿ (ರಾತ್ರಿ 8.50)
ನಾಪೋಕ್ಲು ಕಡೆಯವನು. ನಿನ್ನೆ ಬೆಳಗ್ಗೆ ಅವ್ವ (71 ವರ್ಷ) ಕೋಳಿಗೂಡಿನ ಬಾಗಿಲು ತೆಗೆಯೋಕೆ ಹಿತ್ತಿಲಿಗೆ ಹೋದವರು ಪಾಚಿ ಮೇಲೆ ಕಾಲಿಟ್ಟು ಜಾರಿಬಿಟ್ಟರು. ಎತ್ತರದಿಂದೇನೂ ಬಿದ್ದಿದ್ದಲ್ಲ, ನಿಂತಲ್ಲೇ ಕುಸಿದಿದ್ದು. ನಾನು ಹೋಗಿ ನೋಡಿದಾಗ ಬಲಗಾಲು ಮಂಡಿಯಿಂದ ನಾಲ್ಕು ಬೆರಳು ಮೇಲೆ ಬಾಗಿತ್ತು. ಮಂಡಿ ಇಲ್ಲದ ಜಾಗದಲ್ಲಿ ಇನ್ನೊಂದು ಮಂಡಿ ಬಂದ ಹಾಗೆ. ಜೀಪಿನ ಹಿಂದಿನ ಸೀಟಲ್ಲಿ ಮಲಗಿಸಿ, ಕಾಲಿಗೆ ಎರಡು ದಿಂಬು ಸೇರಿಸಿ ಪಂಚೆಯಲ್ಲಿ ಕಟ್ಟಿ ಮಡಿಕೇರಿಗೆ ತಂದೆವು. ಅಲ್ಲಿ ಎಕ್ಸ್‌ರೇ ತೆಗೆದು ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಹಾಕಿದರು. ತೊಡೆಮೂಳೆಯ ಕೆಳತುದಿ ಮುರಿದಿದೆ, ಆಪರೇಷನ್ ಬೇಕೇ ಬೇಕು ಅಂದರು. ತಮ್ಮ ಮೈಸೂರಲ್ಲೇ ಇರೋದ್ರಿಂದ ಇಲ್ಲಿಗೆ ಕರಕೊಂಡು ಬಂದಿದ್ದೇವೆ.

ಈಗ ತಲೆನೋವು ಏನಂದ್ರೆ, ಒಬ್ಬ ಡಾಕ್ಟ್ರು ಹೊರಗಡೆಯಿಂದ ಪ್ಲೇಟ್ ಹಾಕೋಣ ಅಂತಾರೆ. ಇನ್ನೊಬ್ಬರು ಮಂಡಿಯೊಳಗಿಂದ ರಾಡ್ ಹಾಕೋಣ ಅಂತಾರೆ. ಊರಿಂದ ಮಾವ ಅರ್ಧ ಗಂಟೆಗೊಂದು ಫೋನ್ ಮಾಡಿ "ಈ ವಯಸ್ಸಲ್ಲಿ ಕುಯ್ಯಿಸಬೇಡ, ಕಟ್ಟು ಹಾಕಿಸು" ಅಂತಿದ್ದಾರೆ. ಅವ್ವಂಗೆ ಶುಗರ್, ಬಿಪಿ ಎರಡೂ ಇದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ನಾಳೆ ಬೆಳಗ್ಗೆ ಸಹಿ ಹಾಕಬೇಕು. ಅನುಭವ ಇದ್ದವರು ಹೇಳಿ.

ಹಾರಂಗಿ ಹಿನ್ನೀರು (8.58)
ಮಾವ ಹೇಳಿದ್ದು ಸರಿ ಇದೆ. ನಮ್ಮ ಚಿಕ್ಕಪ್ಪಂಗೆ ಕೈ ಮುರಿದಾಗ ಪುತ್ತೂರು ಕಟ್ಟು ಹಾಕಿಸಿದ್ವಿ, ಮೂರು ವಾರಕ್ಕೆ ಕತ್ತಿ ಹಿಡಿದು ತೋಟಕ್ಕೆ ಇಳಿದರು.

ಸುಳ್ಯ ಗಡಿ (9.01)
ಪುತ್ತೂರಾ? ಮಂಗಳೂರಿಗೆ ಹೋಗೋ ದಾರೀಲೇ ಇದೆಯಲ್ಲ. ಅಲ್ಲಿ ಎಲ್ಲಿ ಕಟ್ಟುತ್ತಾರೆ? ನಾನು ವಾರಕ್ಕೆರಡು ಸಲ ಹೋಗ್ತೀನಿ, ಕಂಡಿಲ್ಲ.

ಹಾರಂಗಿ ಹಿನ್ನೀರು (9.03)
ನಿಮ್ಮ ಪುತ್ತೂರಲ್ಲ ಮಾರಾಯ್ರೇ, ಆಂಧ್ರದ ಪುತ್ತೂರು. ಚಿತ್ತೂರು ಕಡೆ.

ಸುಳ್ಯ ಗಡಿ (9.04)
ಹಂಗಾದ್ರೆ ಮುರಿದ ಕಾಲಿನ ಮುದುಕೀನ ನಾಪೋಕ್ಲಿಂದ ಆಂಧ್ರಕ್ಕೆ ಹೊತ್ಕೊಂಡು ಹೋಗ್ಬೇಕಾ? ಒಳ್ಳೆ ಸಲಹೆ.

ಓಟಿ ಸಿಸ್ಟರ್ (9.20)
ನಾನು ವಿರಾಜಪೇಟೆಯವಳು, ಮಂಗಳೂರಲ್ಲಿ 14 ವರ್ಷದಿಂದ ಮೂಳೆ ವಿಭಾಗದ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ. ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳ್ತೀನಿ.

ಮುಂಗೈ ಮೂಳೆಗೂ ಈ ಮೂಳೆಗೂ ಹೋಲಿಸಬೇಡಿ. ತೊಡೆಮೂಳೆ ಕೆಳಗಡೆ ಬರ್ತಾ ಬರ್ತಾ ಅಗಲ ಆಗಿ ಎರಡು ಗುಂಡಾಗಿ ಒಡೆದು ಮಂಡಿಗೆ ಕೂರುತ್ತೆ. ಆ ಅಗಲದ ಜಾಗದಲ್ಲಿ ಸಿಪ್ಪೆ ತೆಳು, ಒಳಗೆಲ್ಲ ಸ್ಪಂಜಿನ ಹಾಗೆ. ವಯಸ್ಸಾದ ಹೆಂಗಸರಲ್ಲಿ ಆ ಸ್ಪಂಜೂ ಟೊಳ್ಳಾಗಿರುತ್ತೆ. ಅದಕ್ಕೇ ನಿಂತಲ್ಲಿ ಕುಸಿದರೂ ಮುರಿಯೋದು. ಮುರಿದ ಮೇಲೆ ಮೀನಖಂಡದ ಸ್ನಾಯು ಕೆಳಗಿನ ತುಂಡನ್ನ ಹಿಂದಕ್ಕೆ ಎಳೆಯುತ್ತೆ. ಹಿಂದೆ ಏನಿದೆ? ಪಾದಕ್ಕೆ ರಕ್ತ ಒಯ್ಯೋ ದೊಡ್ಡ ರಕ್ತನಾಳ. ಹೊರಗಿಂದ ಬಿದಿರುಪಟ್ಟಿ ಕಟ್ಟಿದರೆ ಆ ಎಳೆತ ನಿಲ್ಲಲ್ಲ. ಬಿಗಿಯಾಗಿ ಕಟ್ಟಿದರಂತೂ ಕಾಲು ಊದಿಕೊಂಡು ರಕ್ತ ಸಂಚಾರಾನೇ ನಿಂತು ಕಾಲು ಹೋದದ್ದೂ ಉಂಟು.

ಈಗಲೇ ಹೋಗಿ ಅವ್ವನ ಎರಡೂ ಪಾದ ಮುಟ್ಟಿ ನೋಡಿ. ಮುರಿದ ಕಾಲಿನ ಪಾದ ತಣ್ಣಗಿದೆಯಾ? ಬೆರಳು ಆಡಿಸ್ತಾರಾ? ವ್ಯತ್ಯಾಸ ಕಂಡರೆ ಬೆಳಗ್ಗೆ ತನಕ ಕಾಯಬೇಡಿ, ಆ ಕ್ಷಣಕ್ಕೇ ಡ್ಯೂಟಿ ಡಾಕ್ಟ್ರನ್ನ ಕರೀರಿ. ಇನ್ನೊಂದು ಮಾತು. ಬರೀ ಎಕ್ಸ್‌ರೇ ಆಗಿದ್ರೆ ಸಿ.ಟಿ. ಸ್ಕ್ಯಾನ್ ಆಗಿದೆಯಾ ಕೇಳಿ. ಬಿರುಕು ಮಂಡಿಯೊಳಗೆ ಇಳಿದಿದ್ರೆ ಎಕ್ಸ್‌ರೇಲಿ ತಪ್ಪಿಹೋಗೋದುಂಟು.

ಹಿತ್ತಿಲ ಕೋಳಿ (9.34)
ನೋಡಿ ಬಂದೆ ಸಿಸ್ಟರ್. ಎರಡೂ ಪಾದ ಬೆಚ್ಚಗಿದೆ, ಬೆರಳು ಆಡಿಸ್ತಾರೆ. "ಇಷ್ಟು ಹೊತ್ತಲ್ಲಿ ಕಾಲು ಯಾಕೆ ಹಿಡೀತಿ, ಕೋಳಿಗೆ ಅಕ್ಕಿ ಹಾಕಿದ್ರಾ" ಅಂತ ಕೇಳಿದ್ರು. ಸಿ.ಟಿ. ನಾಳೆ ಬೆಳಗ್ಗೆ ಅಂತೆ.

ನಿವೃತ್ತ ಹವಾಲ್ದಾರ್ (9.41)
ದಿಂಬು ಸೇರಿಸಿ ಕಟ್ಟಿದ್ದು ಒಳ್ಳೇ ಕೆಲಸ ಮಗ. ನಾನು ಸೇನೆಯ ವೈದ್ಯಕೀಯ ದಳದಲ್ಲಿ 22 ವರ್ಷ ಇದ್ದವನು. ನಮಗೆ ಮೊದಲು ಕಲಿಸೋದೇ ಥಾಮಸ್ ಸ್ಪ್ಲಿಂಟ್. ತೊಡೆ ಬುಡಕ್ಕೆ ಒಂದು ಬಳೆ, ಕಾಲಿನ ಎರಡೂ ಪಕ್ಕ ಉದ್ದ ಕಂಬಿ, ತುದೀಲಿ ಪಾದ ಎಳೆದು ಕಟ್ಟೋದು. ಮೊದಲ ಮಹಾಯುದ್ಧದಲ್ಲಿ ತೊಡೆ ಮುರಿದ ಸಿಪಾಯಿಗಳು ಆಸ್ಪತ್ರೆ ತಲುಪೋ ಮೊದಲೇ ಸಾಯ್ತಿದ್ರು. ಈ ಕಂಬಿ ಬಂದಮೇಲೆ ಬಹಳ ಜನ ಉಳಿದರು.

ರಾಡ್ ಕಥೆ ಇನ್ನೂ ಮಜಾ ಇದೆ. ಜರ್ಮನಿಯ ಕೀಲ್ ಊರಿನ ಕುಂಟ್ಷರ್ ಅನ್ನೋ ಡಾಕ್ಟ್ರು 1939ರಲ್ಲಿ ತೊಡೆಮೂಳೆಯ ಕೊಳವೆಯೊಳಗೇ ಉಕ್ಕಿನ ರಾಡ್ ಹಾಕಿದರು. ಅವರ ದೇಶದವರೇ ಮೊದಮೊದಲು ಒಪ್ಪಲಿಲ್ಲ. ಆಮೇಲೆ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾಗಿ ಬಂದ ಮಿತ್ರಪಡೆಯ ಸೈನಿಕರ ಎಕ್ಸ್‌ರೇ ತೆಗೆದಾಗ ತೊಡೆಯೊಳಗೆ ಉದ್ದಕ್ಕೆ ಕಬ್ಬಿಣ. ಈ ಕಡೆ ಡಾಕ್ಟ್ರುಗಳು ಬೆರಗಾಗಿ ಹೋದ್ರಂತೆ.

ಸುಳ್ಯ ಗಡಿ (9.44)
ಹವಾಲ್ದಾರ್ ಅಜ್ಜನ ಹತ್ರ ಕಥೆ ಕೇಳೋಕೇ ನಾನು ಈ ವೇದಿಕೆಗೆ ಬರೋದು.

ಏಲಕ್ಕಿ ಅಕ್ಕ (9.55)
ಕಟ್ಟು ಹಾಕಿ ಮಲಗಿಸಿದರೆ ಏನಾಗುತ್ತೆ ಅಂತ ನಾನು ಹೇಳ್ತೀನಿ, ಕಣ್ಣಾರೆ ಕಂಡವಳು. 1994ರಲ್ಲಿ ನಮ್ಮ ಅತ್ತೆಗೆ ಇದೇ ಮೂಳೆ. ಆಗ ಆಪರೇಷನ್ ಬೇಡ ಅಂತ ಮನೆಯವರೆಲ್ಲ ಹಟ ಹಿಡಿದರು. ಮೊಣಕಾಲ ಕೆಳಗೆ ಮೂಳೆಗೆ ಕಂಬಿ ತೂರಿಸಿ, ಮಂಚದ ತುದಿಯಿಂದ ತೂಕ ಇಳಿಬಿಟ್ಟರು. ಏಳು ವಾರ ಬೆನ್ನ ಮೇಲೇ. ಮಲ, ಮೂತ್ರ ಎಲ್ಲ ಅಲ್ಲೇ. ದಿನಕ್ಕೆ ನಾಲ್ಕು ಸಲ ಬೆನ್ನಿಗೆ ಪೌಡರ್ ಹಾಕಿ ತಿಕ್ಕಿದರೂ ಸೊಂಟದ ಹತ್ರ ಅಂಗೈ ಅಗಲ ಹುಣ್ಣಾಯ್ತು. ಮಳೆಗಾಲ ಬೇರೆ, ಬಟ್ಟೆ ಒಣಗಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದ್ದೆ. ಮೂಳೆ ಕೂಡಿತು, ಸುಳ್ಳು ಹೇಳಲ್ಲ. ಆದರೆ ಮಂಡಿ ಕೋಲಿನ ಹಾಗೆ ನೆಟ್ಟಗೆ ನಿಂತುಬಿಡ್ತು, ಎದೆಯಲ್ಲಿ ಕಫ ಕಟ್ಟಿತು. ಆ ವರ್ಷದ ಹುತ್ತರಿ ಹಬ್ಬ ಅವರು ನೋಡಲಿಲ್ಲ.

ನಿಮ್ಮ ಮಾವಂಗೆ ಇದನ್ನ ಓದಿ ಹೇಳಿ.

ಘಾಟಿ ಬೈಕರ್ (10.06)
ಪ್ಲೇಟ್ ಬಗ್ಗೆ ಯಾರೂ ಕೆಟ್ಟದ್ದು ಹೇಳ್ತಿಲ್ಲ, ನಾನು ಹೇಳ್ತೀನಿ. 26ನೇ ವಯಸ್ಸಲ್ಲಿ ಸಂಪಾಜೆ ಘಾಟಿಲಿ ಲಾರಿಗೆ ಸಿಕ್ಕಿ ಇದೇ ಜಾಗ ಪುಡಿಪುಡಿ ಆಯ್ತು. ಒಂದು ಖಾಸಗಿ ಆಸ್ಪತ್ರೇಲಿ ಪ್ಲೇಟ್ ಹಾಕಿದ್ರು. ಏಳನೇ ತಿಂಗಳು ಬಸ್ಸಿಂದ ಇಳೀತಾ ಟಕ್ ಅಂತು. ಪ್ಲೇಟೇ ಎರಡು ತುಂಡು. ಮತ್ತೆ ಕೊಯ್ದು, ಸೊಂಟದ ಮೂಳೆ ಕೆರೆದು ತಂದು ತುಂಬಿ, ಎರಡೂ ಕಡೆ ಪ್ಲೇಟ್ ಹಾಕಿದ್ರು. ಕಳಪೆ ಸಾಮಾನು ಹಾಕಿ ದುಡ್ಡು ಹೊಡೆದಿದ್ದಾರೆ ಅಂತ ಇವತ್ತಿಗೂ ನನ್ನ ಅನುಮಾನ.

ಓಟಿ ಸಿಸ್ಟರ್ (10.15)
ನಿಮ್ಮ ಪ್ಲೇಟ್ ನಾನು ನೋಡಿಲ್ಲ, ಅದರ ಬಗ್ಗೆ ಹೇಳಲ್ಲ. ಆದರೆ ಒಳ್ಳೇ ಪ್ಲೇಟೂ ಮುರಿಯುತ್ತೆ. ಒಂದು ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಏನಾಗುತ್ತೆ? ಮೂಳೆ ಕೂಡೋವರೆಗೆ ಪ್ಲೇಟ್ ಭಾರ ಹೊರಬೇಕು. ಮೂಳೆ ಕೂಡದೇ ಹೋದರೆ ಹೆಜ್ಜೆ ಹೆಜ್ಜೆಗೂ ಅದೇ ಬಗ್ಗಬೇಕು, ಒಂದು ದಿನ ಸೋಲುತ್ತೆ. ಕೂಡದೇ ಇರೋಕೆ ಕಾರಣ ಹಲವು: ಮೂಳೆ ಪುಡಿಯಾಗಿರೋದು, ಗಾಯ ತೆರೆದಿರೋದು, ಸೋಂಕು, ಶುಗರ್, ಬೀಡಿ ಸಿಗರೇಟು. ತೀರಾ ಬಿಗಿಯಾಗಿ ಕೂರಿಸಿದ್ರೂ ಕೂಡಲ್ಲ. ಮುರಿದ ಜಾಗಕ್ಕೆ ಚೂರು ಅಲುಗಾಟ ಬೇಕು. ಅದಕ್ಕೇ ಈಗ ಉದ್ದ ಪ್ಲೇಟ್ ಹಾಕಿ, ತೂತಿಗೊಂದರಂತೆ ಸ್ಕ್ರೂ ತುಂಬದೆ ನಡುನಡುವೆ ಬಿಡ್ತಾರೆ. ಎಲ್ಲಾ ತೂತಿಗೂ ಯಾಕೆ ಸ್ಕ್ರೂ ಹಾಕಿಲ್ಲ ಅಂತ ರೋಗಿಯ ಕಡೆಯವರು ಎಕ್ಸ್‌ರೇ ಹಿಡ್ಕೊಂಡು ಜಗಳಕ್ಕೆ ಬಂದಿದ್ದೂ ಇದೆ ನಮ್ಮಲ್ಲಿ.

ಘಾಟಿ ಬೈಕರ್ (10.18)
ಸಿಗರೇಟು ಆಗ ದಿನಕ್ಕೆ ಒಂದು ಪ್ಯಾಕ್ ಇತ್ತು. ಇಲ್ಲಿ ಹೇಳಬೇಕಾಗಿರಲಿಲ್ಲ.

ಏಲಕ್ಕಿ ಅಕ್ಕ (10.19)
😀 ಸಿಸ್ಟರ್ ಕೈಗೆ ಸಿಕ್ಕಿಬಿದ್ದ.

ಮಂಜಿನ ನಗರಿ (10.24)
ಟೈಟಾನಿಯಂನೇ ಹಾಕಿಸಿ. ಸ್ಟೀಲ್ ಹಾಕಿದ್ರೆ ಮುಂದೆ ಜನ್ಮದಲ್ಲಿ ಎಂಆರ್‌ಐ ಮಾಡೋಕಾಗಲ್ಲ, ಒಳಗೆ ತುಕ್ಕೂ ಹಿಡಿಯುತ್ತೆ. ಮೂಳೆ ಕೂಡಿದ ಮೇಲೆ ತೆಗೆಸೋದೂ ಮರೀಬೇಡಿ.

ಓಟಿ ಸಿಸ್ಟರ್ (10.31)
ಮೂರೂ ತಪ್ಪು. ಒಳಗೆ ಹಾಕೋ ಸ್ಟೀಲು ಪಾತ್ರೆ ಸ್ಟೀಲಲ್ಲ, ಅದಕ್ಕೆ ಅಂತಲೇ ಮಾಡಿದ್ದು. ಈಗಿನ ಸ್ಟೀಲ್ ಪ್ಲೇಟ್ ಇದ್ದವರಿಗೂ ಸಾಮಾನ್ಯವಾಗಿ ಎಂಆರ್‌ಐ ಮಾಡ್ತಾರೆ, ಪ್ಲೇಟ್ ಸುತ್ತ ಚಿತ್ರ ಮಸುಕಾಗುತ್ತೆ ಅಷ್ಟೇ. ಪ್ಲೇಟ್ ಇದೆ ಅಂತ ಮೊದಲೇ ಹೇಳಬೇಕು. ವಯಸ್ಸಾದವರಿಗೆ ತೊಂದರೆ ಇಲ್ಲದಿದ್ರೆ ತೆಗೆಸೋದೇ ಇಲ್ಲ, ಅದಕ್ಕೆ ಇನ್ನೊಂದು ಆಪರೇಷನ್ ಯಾಕೆ?

ಮೂಲ ಪ್ರಶ್ನೆಗೆ ಬರ್ತೀನಿ. ಪ್ಲೇಟ್ ಹೊರಪಕ್ಕದಲ್ಲಿ ಕೂರುತ್ತೆ. ಈಗಿನ ಲಾಕಿಂಗ್ ಪ್ಲೇಟಿನ ಸ್ಕ್ರೂ ತಲೆಗೂ ತಿರುಪಿನ ಗೆರೆ ಇರುತ್ತೆ, ಅದು ಪ್ಲೇಟಿನ ತೂತಿಗೇ ತಿರುಗಿ ಕಚ್ಚಿಕೊಳ್ಳುತ್ತೆ. ಹಳೇ ಪ್ಲೇಟುಗಳು ಮೂಳೆಗೆ ಒತ್ತಿ ಹಿಡೀತಿದ್ವು, ಟೊಳ್ಳು ಮೂಳೇಲಿ ಸ್ಕ್ರೂ ಕಿತ್ತು ಬರ್ತಿತ್ತು. ಬಿರುಕು ಮಂಡಿಯೊಳಗೆ ಹೋಗಿ ತುಂಡುಗಳು ಜಾಸ್ತಿ ಇದ್ರೆ ಪ್ಲೇಟ್ ಅನುಕೂಲ, ಮೊದಲು ಮಂಡಿಯ ಮೇಲ್ಮೈ ಸಮ ಮಾಡಿ ಸ್ಕ್ರೂ ಹಾಕಿ, ಆಮೇಲೆ ಮೇಲಿನ ಮೂಳೆಗೆ ಜೋಡಿಸ್ತಾರೆ. ರಾಡ್ ಮಂಡಿಚಿಪ್ಪಿನ ಕೆಳಗೆ ಸಣ್ಣ ಗಾಯದಿಂದ ಮೇಲಕ್ಕೆ ಹೋಗುತ್ತೆ, ಮೂಳೆಯ ನಡುವಲ್ಲೇ ಇರೋದ್ರಿಂದ ಭಾರ ಚೆನ್ನಾಗಿ ಹೊರುತ್ತೆ. ಆದರೆ ಮುರಿತ ತೀರಾ ಕೆಳಗಿದ್ರೆ ಅದಕ್ಕೆ ಹಿಡಿತ ಸಾಲಲ್ಲ. ವಯಸ್ಸಾದವರಿಗೆ ಈಗೀಗ ಎರಡನ್ನೂ ಒಟ್ಟಿಗೆ ಹಾಕೋರಿದ್ದಾರೆ. ಮಂಡಿ ಮೊದಲೇ ಸವೆದು ಹೋಗಿ, ಮೂಳೆಯೂ ಪುಡಿ ಆಗಿದ್ರೆ ಆ ತುದಿಯನ್ನೇ ತೆಗೆದು ದೊಡ್ಡ ಕೃತಕ ಮಂಡಿ ಕೂರಿಸೋದೂ ಇದೆ. ಬೇಗ ನಡೀಬಹುದು, ಆದರೆ ದುಬಾರಿ, ಸೋಂಕಾದ್ರೆ ಕಷ್ಟ.

ಹಾಗಾಗಿ ಡಾಕ್ಟ್ರಿಬ್ಬರೂ ಬೇರೆ ಬೇರೆ ಹೇಳಿದ್ರೆ ಒಬ್ಬರು ಮೋಸಗಾರರು ಅಂತಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ: "ಎಷ್ಟನೇ ದಿನ ಅವ್ವನ ನಿಲ್ಲಿಸ್ತೀರಿ? ಎಷ್ಟನೇ ದಿನ ಮಂಡಿ ಬಗ್ಗಿಸ್ತೀರಿ?" ವಯಸ್ಸಾದವರಿಗೆ ಒಂದೆರಡು ದಿನದೊಳಗೆ ಆಪರೇಷನ್ ಮುಗಿದರೆ ಒಳ್ಳೇದು. ರಕ್ತ ತೆಳು ಮಾಡೋ ಮಾತ್ರೆ ಯಾವುದು, ಕೊನೇಗೆ ಯಾವಾಗ ನುಂಗಿದ್ದು ಅಂತ ಅರಿವಳಿಕೆ ಡಾಕ್ಟ್ರಿಗೆ ಚೀಟಿ ಸಮೇತ ತೋರಿಸಿ. ಬೆನ್ನಿಗೆ ಇಂಜೆಕ್ಷನ್ನಾ, ಪೂರ್ತಿ ಮತ್ತಾ ಅನ್ನೋದು ಅದರ ಮೇಲೂ ನಿಂತಿದೆ.

ಹಾರಂಗಿ ಹಿನ್ನೀರು (10.36)
ಸರಿ ಸಿಸ್ಟರ್, ಒಪ್ಪಿದೆ. ಆದ್ರೂ ಕಾಲು ಸೂಪು ಕೊಡಿ, ಅದಕ್ಕಾದ್ರೂ ಬೇಡ ಅನ್ನಬೇಡಿ.

ಓಟಿ ಸಿಸ್ಟರ್ (10.38)
ಕೊಡಿ. ಅದರ ಜೊತೆ ಮೊಟ್ಟೆ, ಮೀನು, ಬೇಳೆ. ಸೂಪಿನಿಂದ ಮೂಳೆ ಕೂಡಲ್ಲ, ಆದರೆ ಊಟ ಬಿಟ್ಟು ಮಲಗೋರಿಗಿಂತ ಸೂಪು ಕುಡಿಯೋರು ವಾಸಿ.

ಲೈನ್‌ಮನೆ ಹುಡುಗ (10.52)
ಎಲ್ಲರೂ ಪ್ಲೇಟು, ರಾಡು ಅಂತ ಆರಿಸೋ ಮಾತಾಡ್ತಿದ್ದೀರಿ. ನಮ್ಮಪ್ಪ ಸಿದ್ದಾಪುರ ಹತ್ರ ಒಂದು ತೋಟದಲ್ಲಿ ಕರಿಮೆಣಸು ಕೊಯ್ತಾ ಒಂಟಿ ಬಿದಿರೇಣಿ ಸಮೇತ ಬಿದ್ದರು. ಇದೇ ಮೂಳೆ. ತೋಟದವರು ಜೀಪಲ್ಲಿ ಆಸ್ಪತ್ರೆಗೆ ಬಿಟ್ಟು, ಎರಡು ಸಾವಿರ ಕೈಗಿಟ್ಟು ಹೋದರು. ಆಮೇಲೆ ಫೋನ್ ಎತ್ತಲಿಲ್ಲ. ನಮಗೆ ಯಾರೂ ಟೈಟಾನಿಯಮ್ಮಾ ಸ್ಟೀಲಾ ಅಂತ ಕೇಳಲಿಲ್ಲ.

ಅರೇಬಿಕಾ ಅಣ್ಣ (10.59)
ಎಲ್ಲಾ ತೋಟದವರನ್ನೂ ಒಂದೇ ತಕ್ಕಡೀಲಿ ತೂಗಬೇಡ ತಮ್ಮ. ನಮ್ಮಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡೋನು ಬಿದ್ದಾಗ ಪೂರ್ತಿ ಬಿಲ್ ನಾನೇ ಕಟ್ಟಿದ್ದೀನಿ. ಸಣ್ಣ ಬೆಳೆಗಾರರ ಕಷ್ಟ ನಿನಗೆ ಗೊತ್ತಿಲ್ಲ. ಕೆಲಸದವರು ಸಿಗಲ್ಲ, ಸಿಕ್ಕಿದೋರು ಅಲ್ಯೂಮಿನಿಯಂ ಏಣಿ ತಂದುಕೊಟ್ಟರೂ ಹತ್ತಲ್ಲ, ಬಿದಿರೇಣಿನೇ ಬೇಕು ಅಂತಾರೆ.

ಲೈನ್‌ಮನೆ ಹುಡುಗ (11.02)
ನೀವು ಕಟ್ಟಿದ್ದು ಒಳ್ಳೇದಣ್ಣ. ಆದ್ರೆ ಅದು ನಿಮ್ಮ ಧರ್ಮ ಅಂತ ಹೇಳ್ಕೊತೀರಲ್ಲ, ಅದೇ ನನಗೆ ಹಿಡಿಸಲ್ಲ. ಅದು ಕಾನೂನು.

ಕೋರ್ಟ್ ಗುಮಾಸ್ತ (11.10)
ಹುಡುಗ ಹೇಳಿದ್ದು ಸರಿ. ಕೆಲಸದ ಹೊತ್ತಲ್ಲಿ, ಕೆಲಸದಿಂದ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು ಅಂತ 1923ರಿಂದಲೇ ಕಾಯ್ದೆ ಇದೆ. ದೊಡ್ಡ ತೋಟದ ಕಾರ್ಮಿಕರ ವೈದ್ಯಕೀಯ ಸೌಲಭ್ಯಕ್ಕೆ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಬೇರೆ ಬಂತು. ಪರಿಹಾರದ ಅರ್ಜಿಗೆ 1923ರ ಆ ಹಳೇ ಕಾಯ್ದೇಲಿ ಎರಡು ವರ್ಷ ಗಡುವು ಇತ್ತು. ಅಪ್ಪ ಬಿದ್ದು ಎಷ್ಟು ದಿನ ಆಯ್ತು?

ಲೈನ್‌ಮನೆ ಹುಡುಗ (11.12)
ಬರೋ ಫೆಬ್ರವರಿಗೆ ಎರಡು ವರ್ಷ.

ಕೋರ್ಟ್ ಗುಮಾಸ್ತ (11.13)
ಹಾಗಾದ್ರೆ ಈ ವಾರವೇ ಡಿಸ್ಚಾರ್ಜ್ ಪತ್ರ, ಎಕ್ಸ್‌ರೇ, ಹಾಜರಿ ಚೀಟಿ ಏನಿದೆಯೋ ಒಟ್ಟು ಮಾಡಿ ಮಡಿಕೇರಿ ಕಾರ್ಮಿಕ ಇಲಾಖೆಗೆ ಹೋಗು. ಇಲ್ಲಿ ವಾದ ಮಾಡ್ತಾ ಕೂರಬೇಡ.

ಅರೇಬಿಕಾ ಅಣ್ಣ (11.20)
ಹಾಜರಿ ಚೀಟಿ ಇಲ್ಲ ಅಂದ್ರೆ ಆ ತೋಟದ ರೈಟರ್ (ಲೆಕ್ಕ ಬರೆಯೋನು) ಹತ್ರ ಕೂಲಿ ಪುಸ್ತಕ ಇರುತ್ತೆ, ಕೇಳು. ಕೊಡದಿದ್ರೆ ನನಗೆ ಖಾಸಗಿಯಾಗಿ ಬರೆ. ಸಿದ್ದಾಪುರದಲ್ಲಿ ನಾಲ್ಕು ಜನ ಪರಿಚಯ ಇದ್ದಾರೆ.

ಮಂಜಿನ ನಗರಿ (11.24)
ದುಡ್ಡಿನ ವಿಷಯ ಬಂತಲ್ಲ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಎಪಿಎಲ್ ಆದ್ರೆ ಪ್ಯಾಕೇಜಿನ ಶೇ. 30 ಮಾತ್ರ. ಇದಾದ್ರೂ ಸರಿ ಇದೆಯಾ ಸಿಸ್ಟರ್?

ಓಟಿ ಸಿಸ್ಟರ್ (11.27)
ಇದು ಸರಿ 😀 ಹಾಕೋ ಪ್ಲೇಟಿನ ದುಡ್ಡು ಪ್ಯಾಕೇಜಿನೊಳಗೇ ಬರುತ್ತಾ ಅಂತ ಸಹಿ ಹಾಕೋ ಮೊದಲೇ ಕೇಳಿ. ಎಪಿಎಲ್‌ನವರು ಸಹಕಾರ ಸಂಘದ ಸದಸ್ಯರಾಗಿದ್ರೆ ಯಶಸ್ವಿನಿ ಕಾರ್ಡನ್ನೂ ತೋರಿಸಿ ಕೇಳಿ.

ಸುಳ್ಯ ಗಡಿ (11.31)
ಯಾರಾದ್ರೂ ಹೇಳಿ, ಕರಿಮೆಣಸು ಈಗ ಎಷ್ಟಕ್ಕೆ ಹೋಗ್ತಿದೆ?

ನಿರ್ವಾಹಕ (11.33)
ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಬೇಡ.

ಹಿತ್ತಿಲ ಕೋಳಿ (ಮರುದಿನ, ಮಧ್ಯಾಹ್ನ 1.15)
ಸಿ.ಟಿ. ಆಯ್ತು. ಸಿಸ್ಟರ್ ಹೇಳಿದ ಹಾಗೇ ಸಣ್ಣ ಬಿರುಕೊಂದು ಮಂಡಿಯೊಳಗೆ ಇಳಿದಿದೆ, ಎಕ್ಸ್‌ರೇಲಿ ಕಂಡಿರಲಿಲ್ಲ. "ಎಷ್ಟನೇ ದಿನ ನಿಲ್ಲಿಸ್ತೀರಿ" ಅಂತ ಕೇಳಿದ್ದಕ್ಕೆ ಡಾಕ್ಟ್ರು ಕುರ್ಚಿ ಎಳ್ಕೊಂಡು ಕೂತರು. ಅಲ್ಲೀವರೆಗೆ ಬಾಗಿಲಲ್ಲಿ ನಿಂತೇ ಮಾತಾಡ್ತಿದ್ದೋರು. ಬಿರುಕಿಗೆ ಸ್ಕ್ರೂ, ಆಮೇಲೆ ರಾಡ್, ಪಕ್ಕಕ್ಕೆ ಪ್ಲೇಟ್, ಎರಡನೇ ದಿನ ವಾಕರ್ ಹಿಡಿಸಿ ನಿಲ್ಲಿಸ್ತೀವಿ ಅಂದರು. ನಾಳೆ ಮೊದಲನೇ ಕೇಸು. ಎರಡು ಬಾಟಲಿ ರಕ್ತ ಹೊಂದಿಸಿದ್ದೀವಿ. ಮಾವಂಗೆ ಅಕ್ಕ ಬರೆದದ್ದನ್ನ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಕೋಳಿ ನಾನು ನೋಡ್ಕೊತೀನಿ" ಅಂದು ಇಟ್ಟರು.

ಓಟಿ ಸಿಸ್ಟರ್ (1.40)
ಒಳ್ಳೇದು. ನಾಳೆ ಒಳಗೆ ಏನ್ ಮಾಡ್ತಾರೆ ಗೊತ್ತಾ? ಮಂಡಿ ಕೆಳಗೆ ಸುತ್ತಿದ ಬಟ್ಟೆಯ ದಿಂಬು ಇಡ್ತಾರೆ. ಮಂಡಿ ಮಡಚಿದ ತಕ್ಷಣ ಮೀನಖಂಡ ಸಡಿಲ ಆಗಿ, ಹಿಂದಕ್ಕೆ ಎಳೆದುಕೊಂಡಿದ್ದ ತುಂಡು ತಾನಾಗೇ ಅರ್ಧ ಜಾಗಕ್ಕೆ ಬರುತ್ತೆ. ಅಷ್ಟೆಲ್ಲಾ ಮೆಷಿನ್ ಮಧ್ಯೆ ಆ ಬಟ್ಟೆ ಸುರುಳಿ ನನಗೆ ಬಹಳ ಇಷ್ಟ.

ಹಿತ್ತಿಲ ಕೋಳಿ (ಐದು ದಿನದ ನಂತರ, ಸಂಜೆ 6.20)
ಆಪರೇಷನ್ ಆಯ್ತು. ಎರಡನೇ ದಿನ ಫಿಸಿಯೋ ಹುಡುಗಿ ಬಂದು ನಿಲ್ಲಿಸಿದಳು. ಅವ್ವ ಅವಳಿಗೆ ಬೈದದ್ದು ಇಲ್ಲಿ ಬರೆಯೋ ಹಾಗಿಲ್ಲ. ಮಂಡಿ ಈಗ ಸ್ವಲ್ಪ ಬಗ್ಗುತ್ತೆ, 90 ಡಿಗ್ರಿ ತನಕ ತರಬೇಕಂತೆ. ನಾಡಿದ್ದು ಮನೆಗೆ. ಇನ್ನು ನಿಜವಾದ ತಲೆಬಿಸಿ: ನಮ್ಮ ಮನೆಗೆ ಹೋಗೋಕೆ 14 ಮೆಟ್ಟಿಲು, ಕಕ್ಕಸು ಹೊರಗಡೆ, ಅದೂ ಕುಕ್ಕರುಗಾಲಲ್ಲಿ ಕೂರೋದು.

ಏಲಕ್ಕಿ ಅಕ್ಕ (6.31)
ದಿನಕ್ಕೆ ಮೂರು ಹೊತ್ತು ಮಂಡಿ ಬಗ್ಗಿಸಿ, ಅತ್ತರೂ ಬಿಡಬೇಡಿ. ಮಂಚದ ತುದೀಲಿ ಕೂರಿಸಿ ಕಾಲು ಇಳಿಬಿಟ್ಟರೆ ಅದೇ ಭಾರಕ್ಕೆ ಬಗ್ಗುತ್ತೆ. ಒಂದೆರಡು ತಿಂಗಳು ಕೆಳಗಿನ ಮನೆಯ ಯಾರದಾದ್ರೂ ಕೋಣೆ ಸಿಗುತ್ತಾ ನೋಡಿ, 14 ಮೆಟ್ಟಿಲು ಈ ಮಳೇಲಿ ಬೇಡವೇ ಬೇಡ.

ಓಟಿ ಸಿಸ್ಟರ್ (6.40)
ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಇಂಜೆಕ್ಷನ್ನು ಅಥವಾ ಮಾತ್ರೆ ಹೇಳಿದಷ್ಟು ದಿನ ತಪ್ಪಿಸಬೇಡಿ. ಮೀನಖಂಡ ಊದಿ ನೋವಾದ್ರೆ, ಉಸಿರು ಕಟ್ಟಿದ ಹಾಗಾದ್ರೆ, ಗಾಯ ಕೀವಾದ್ರೆ ಫೋನಲ್ಲಿ ಕೇಳ್ತಾ ಕೂರದೆ ನೇರ ಆಸ್ಪತ್ರೆಗೆ. ಮೂಳೆ ಟೊಳ್ಳಾಗಿರೋದಕ್ಕೂ ಔಷಧಿ ಇದೆ, ಮುಂದಿನ ಭೇಟೀಲಿ ನೀವೇ ಬಾಯಿಬಿಟ್ಟು ಕೇಳಿ. ಇಲ್ಲಾಂದ್ರೆ ಇನ್ನೊಂದು ಕಾಲಿನ ಸರದಿ.

ಲೈನ್‌ಮನೆ ಹುಡುಗ (6.58)
ಅಣ್ಣ, ಅಪ್ಪಂಗೆ ತಂದಿದ್ದ ಕಮೋಡ್ ಕುರ್ಚಿ ಇದೆ, ನಡುವೆ ತೂತು, ಕೆಳಗೆ ಬಕೆಟ್ಟು. ಈಗ ಬೇಡ ಅವರಿಗೆ, ನಡೀತಾರೆ. ತಗೊಳ್ಳಿ, ದುಡ್ಡು ಬೇಡ. ಒಂದು ಕಾಲಿನ ರಬ್ಬರ್ ಬಿಚ್ಚಿಹೋಗಿದೆ, ಬೇರೆ ಹಾಕಿಸ್ಕೊಬೇಕು, ಇಲ್ಲಾಂದ್ರೆ ಸಿಮೆಂಟ್ ನೆಲದಲ್ಲಿ ಜಾರುತ್ತೆ.

ಹಿತ್ತಿಲ ಕೋಳಿ (7.02)
ತಮ್ಮ, ಖಂಡಿತ ತಗೋತೀನಿ. ಅಪ್ಪನ ಅರ್ಜಿ ಏನಾಯ್ತು?

ಲೈನ್‌ಮನೆ ಹುಡುಗ (7.05)
ಸೋಮವಾರ ಕೊಟ್ಟು ಬಂದೆ. ಅರೇಬಿಕಾ ಅಣ್ಣ ಜೊತೆಗೆ ಬಂದಿದ್ರು.

ಅರೇಬಿಕಾ ಅಣ್ಣ (7.11)
ಆ ಕುರ್ಚಿ ನಾಳೆ ನಾನೇ ತರ್ತೀನಿ, ಸಂತೆಗೆ ಹೆಂಗೂ ನಾಪೋಕ್ಲಿಗೆ ಬರಬೇಕು. ರಬ್ಬರ್ ಎಷ್ಟು ಇಂಚಿನದು ಅಂತ ಅಳೆದು ಹೇಳು.